ಸಾಲಾತಿಗಾದ ಗಲ್ಲಿಯಲ್ಲಿ ಒಂದು ಖಾಲಿ ಡಬ್ಬಿ

‘ಮನೆ ಎಲ್ಲಿ ಮಾಡಿದ್ದೀಯೋ?’ ಅಂತ ಅಮ್ಮ ಫೋನಿನಲ್ಲಿ ಕೇಳಿದಾಗ ನಾನು ನಿಜವನ್ನೇ ಹೇಳಿದ್ದೆ. ‘ಒಂದು ಗ್ಯಾಂಗ್‌ನಲ್ಲಿದ್ದೀನಮ್ಮ.’

ಆ ಕಡೆ ಎರಡು ಕ್ಷಣ ಸದ್ದಿಲ್ಲ. ಆಮೇಲೆ ತಿಪಟೂರಿನಿಂದ ಫೋನೇ ಇಲ್ಲದೆ ಇಂಡೊನೇಷ್ಯಾಕ್ಕೆ ಕೇಳಿಸುವಷ್ಟು ಜೋರಾಗಿ, ‘ಯಾವ ಗ್ಯಾಂಗೋ? ಕಂಪನಿ ಕೆಲಸ ಅಂತ ತಾನೆ ಹೋಗಿದ್ದು?’

ಅಲ್ಲಿ ಗಲ್ಲಿಗೆ ಗ್ಯಾಂಗ್ ಅಂತಾರೆ, ಅದು ಡಚ್ಚರು ಬಿಟ್ಟುಹೋದ ಪದ ಅಂತ ಅರ್ಥ ಮಾಡಿಸುವಷ್ಟರಲ್ಲಿ ಹತ್ತು ನಿಮಿಷ ಹೋಯಿತು. ಎರಡು ಬೈಕ್ ಎದುರುಬದುರು ಬಂದರೆ ಒಂದು ನಿಲ್ಲಲೇಬೇಕು, ಅಷ್ಟು ಅಗಲದ ಗಲ್ಲಿ. ಎರಡೂ ಕಡೆ ಸೇರಿ 42 ಮನೆ. ಪ್ರತಿ ಮನೆಯ ಮುಂದಿನ ಗೋಡೆಗೆ, ಕೈಗೆಟುಕುವ ಎತ್ತರದಲ್ಲಿ, ಮೊಳೆ ಹೊಡೆದು ನೇತುಹಾಕಿದ ಒಂದು ಪುಟ್ಟ ಡಬ್ಬಿ. ಕೆಲವರದು ತಗಡಿನದು, ಕೆಲವರದು ನೀರಿನ ಬಾಟಲಿ ಕತ್ತರಿಸಿ ಮಾಡಿದ್ದು. ಬಾಡಿಗೆಗೆ ಹೋದ ದಿನ ನನ್ನ ಮನೆಗೂ ಒಂದಿತ್ತು. ಅಂಚೆ ಡಬ್ಬಿಯಿರಬೇಕು ಅಂದುಕೊಂಡೆ. ಅದಲ್ಲ ಅಂತ ಗೊತ್ತಾಗಲು ಎರಡು ದಿನ ಬೇಕಾಯಿತು. ಅದು ಯಾಕಿದೆ ಅಂತ ಅರ್ಥವಾಗಲು ಆರು ತಿಂಗಳು.

ಬೆಟ್ಟದ ಬುಡದ ಊರು

ನಾನು ಹೋಗಿದ್ದು ಹತ್ತು ತಿಂಗಳ ಪ್ರಾಜೆಕ್ಟಿಗೆ. ಮಧ್ಯ ಜಾವಾದ ಬಾವೆನ್ ಹತ್ತಿರ ಒಂದು ಗಾರ್ಮೆಂಟ್ ಫ್ಯಾಕ್ಟರಿಗೆ ಸಾಫ್ಟ್‌ವೇರ್ ಹಾಕಿಕೊಡುವ ಕೆಲಸ. ನಮ್ಮ ಟೀಮಿನ ಉಳಿದವರೆಲ್ಲ ಸೆಮಾರಾಂಗ್‌ನಲ್ಲಿ ಅಪಾರ್ಟ್‌ಮೆಂಟ್ ಹಿಡಿದರು. ಸಮುದ್ರದ ದಡದ ದೊಡ್ಡ ನಗರ, ಮಾಲ್‌ಗಳಿವೆ, ಜೊತೆಗೆ ಸೆಖೆಯೂ ಇದೆ. ನಾನು ಮಾತ್ರ ಎದುರು ದಿಕ್ಕಿನಲ್ಲಿ, ಬೆಟ್ಟದ ಕಡೆಗೆ, ಸಾಲಾತಿಗಾದಲ್ಲಿ ಮನೆ ನೋಡಿದೆ. ಕಾರಣ ಬಹಳ ದೊಡ್ಡದೇನಲ್ಲ. ಬಾಡಿಗೆ ಕಡಿಮೆ, ಹವೆ ಬೆಂಗಳೂರಿನ ಹಾಗೆ.

ಸಾಲಾತಿಗಾ ಸೆಮಾರಾಂಗ್ ಮತ್ತು ಸೋಲೋ ನಗರಗಳ ಮಧ್ಯೆ ಸಿಗುವ ಊರು. ಜನಸಂಖ್ಯೆ ಎರಡು ಲಕ್ಷದ ಆಸುಪಾಸು. ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರ. ದಕ್ಷಿಣಕ್ಕೆ ತಿರುಗಿ ನಿಂತರೆ 3,100 ಮೀಟರಿಗೂ ಮಿಕ್ಕ ಮೆರ್ಬಾಬು ಜ್ವಾಲಾಮುಖಿ ಬೆಟ್ಟ. ಬೆಳಿಗ್ಗೆ ಆರಕ್ಕೆ ನೀಲಿಯಾಗಿ ನಿಂತಿರುತ್ತದೆ, ಒಂಬತ್ತರ ಹೊತ್ತಿಗೆ ಮೋಡದೊಳಗೆ ಹೋಗಿಬಿಡುತ್ತದೆ. ಪ್ರವಾಸಿಗರು ಬಾಲಿಗೆ ಹೋಗುತ್ತಾರೆ, ಬೊರೊಬುದುರ್‌ಗೆ ಹೋಗುತ್ತಾರೆ. ಸಾಲಾತಿಗಾಕ್ಕೆ ಬರುವವರು ಓದಲು ಬಂದ ವಿದ್ಯಾರ್ಥಿಗಳು, ಇಲ್ಲವೇ ದಾರಿಯಲ್ಲಿ ಶೇಂಗಾ ಚಿಕ್ಕಿಯಂಥ ‘ಎಂತಿಂಗ್-ಎಂತಿಂಗ್’ ಕಟ್ಟಿಸಿಕೊಳ್ಳಲು ಕಾರು ನಿಲ್ಲಿಸಿದವರು.

ಆದರೆ ಊರು ಚಿಕ್ಕದಾದರೂ ಹಳೆಯದು. ಪ್ಲುಂಪುಂಗಾನ್ ಎಂಬಲ್ಲಿ ಒಂದು ಬಂಡೆ ಶಾಸನವಿದೆ. ಕ್ರಿ.ಶ. 750ರ ಜುಲೈ 24 ಅದರ ದಿನಾಂಕ. ಅದನ್ನೇ ಊರಿನ ಹುಟ್ಟುಹಬ್ಬವಾಗಿ ಆಚರಿಸುತ್ತಾರೆ. ನಮ್ಮಲ್ಲಿ ಬಾದಾಮಿ ಚಾಲುಕ್ಯರ ಕಾಲ ಮುಗಿದು ರಾಷ್ಟ್ರಕೂಟರು ತಲೆ ಎತ್ತುತ್ತಿದ್ದ ಹೊತ್ತು ಅದು. ಭಾಷೆ ಸಂಸ್ಕೃತ. ಹಂಪ್ರ ಎಂಬ ಊರಿಗೆ ತೆರಿಗೆ ಬಿಟ್ಟುಕೊಟ್ಟ ವಿಷಯ. ಅದರ ಮೊದಲ ಮಾತೇ ಇವತ್ತು ನಗರದ ಲಾಂಛನದ ಮೇಲಿದೆ: ‘ಶ್ರೀರಸ್ತು ಸ್ವಸ್ತಿ ಪ್ರಜಾಭ್ಯಃ’. ನಗರಸಭೆ ಕಚೇರಿಯ ಹತ್ತಿರ ಅದನ್ನು ಓದಿದಾಗ ನನಗೆ ನಮ್ಮ ಮದುವೆ ಕರೆಯೋಲೆ ನೋಡಿದ ಹಾಗಾಯಿತು. ಊರಿನ ಹೆಸರಾಂತ ವಿಶ್ವವಿದ್ಯಾಲಯ ಶುರುವಾಗಿದ್ದು 1956ರಲ್ಲಿ. ಅದು ಕ್ರೈಸ್ತರ ಸಂಸ್ಥೆ, ಹೆಸರು ‘ಸತ್ಯ ವಚನ’. ಇಂಡೊನೇಷ್ಯಾದ ಎಲ್ಲ ದ್ವೀಪಗಳಿಂದಲೂ ಹುಡುಗರು ಅಲ್ಲಿಗೆ ಬರುತ್ತಾರೆ.

ಕಿವಿಗೆ ಬೀಳುವ ಟೈಮ್‌ಟೇಬಲ್

ನಮ್ಮ ಗಲ್ಲಿ ದಿಪೊನೆಗೊರೊ ರಸ್ತೆಯಿಂದ ಒಳಗೆ ಇಳಿಯುತ್ತದೆ. ಬಾಯಲ್ಲೇ ಒಂದು ಕಬ್ಬಿಣದ ಅಡ್ಡಗೇಟು. ಅದರ ಮೇಲೆ ‘ನಿಧಾನ, ಮಕ್ಕಳು ಬಹಳ’ ಅಂತ ಒಂದು ಬೋರ್ಡು, ‘ಅತಿಥಿಗಳು 24 ಗಂಟೆಯೊಳಗೆ ವರದಿ ಮಾಡಿಕೊಳ್ಳಬೇಕು’ ಅಂತ ಇನ್ನೊಂದು. ಒಂದು ಕೊನೆಯಲ್ಲಿ ಪುಟ್ಟ ಮಸೀದಿ. ಅಲ್ಲಿಂದ ನಾಲ್ಕು ಮನೆ ದಾಟಿದರೆ ಚರ್ಚಿಗೆ ಹೋಗುವ ಕುಟುಂಬಗಳು. ನಡುವೆ ಒಂದು ‘ವಾರುಂಗ್’, ಅಂದರೆ ನಮ್ಮ ಚಿಲ್ಲರೆ ಅಂಗಡಿಯಂಥದ್ದು. ಒಂದು ಮೊಟ್ಟೆ, ಒಂದು ಶಾಂಪೂ ಸ್ಯಾಷೆ, ಅರ್ಧ ಬೆಲ್ಲದಚ್ಚು ಏನು ಕೇಳಿದರೂ ಸಿಗುತ್ತದೆ, ಜೊತೆಗೆ ಗಲ್ಲಿಯ ಸುದ್ದಿಯೂ.

ಅಲ್ಲಿ ಗಡಿಯಾರ ನೋಡುವ ಅಗತ್ಯ ಬೀಳುತ್ತಿರಲಿಲ್ಲ. ನಾಲ್ಕೂವರೆ ಹೊತ್ತಿಗೆ ಆಜಾನ್. ಆರೂವರೆಗೆ ಬೈಕಿನ ಎರಡೂ ಕಡೆ ಸೊಪ್ಪು, ತೆಂಪೆ, ತೋಫು, ಬಾಳೆಲೆ ತೂಗುಹಾಕಿಕೊಂಡ ತರಕಾರಿಯವನ ಕೂಗು. ತೆಂಪೆ ಅಂದರೆ ಸೋಯಾ ಕಾಳು ಹುದುಗಿಸಿ ಕಟ್ಟಿದ ಇಟ್ಟಿಗೆಯಂಥದ್ದು. ನಾನು ಸಸ್ಯಾಹಾರಿ, ಹತ್ತು ತಿಂಗಳು ಬದುಕಿದ್ದೇ ಅದರ ಮೇಲೆ. ಮಧ್ಯಾಹ್ನ ಬ್ರೆಡ್ ಗಾಡಿಯ ಸಂಗೀತ. ಸಂಜೆ ಬೋಗುಣಿಗೆ ಚಮಚ ಬಡಿಯುವ ‘ಟಿಂಗ್ ಟಿಂಗ್’ ಕೇಳಿದರೆ ಮಾಂಸದುಂಡೆ ಸೂಪಿನ ಗಾಡಿ. ಕತ್ತಲಾದ ಮೇಲೆ ರೈಲಿನ ಸೀಟಿಯಂತೆ ಸಣ್ಣಗೆ ‘ಕೂ…’ ಅಂತ ಬಂದರೆ ‘ಪುತು’ ಬಂತು ಅಂತರ್ಥ. ಬಿದಿರಿನ ಕೊಳವೆಯಲ್ಲಿ ಅಕ್ಕಿಹಿಟ್ಟು, ಮಧ್ಯೆ ತಾಳೆಬೆಲ್ಲ, ಹಬೆಯಲ್ಲಿ ಬೇಯಿಸಿ ಮೇಲೆ ತೆಂಗಿನ ತುರಿ. ಸೀಟಿ ಹೊಡೆಯುವುದು ಅದೇ ಹಬೆ. ಕೇರಳದ ಪುಟ್ಟು ತಿಂದವರಿಗೆ ಹೆಸರು, ರುಚಿ ಎರಡೂ ಪರಿಚಯವೇ.

ಮನೆಯಿಂದ ಹೊರಗೆ ಕಾಲಿಟ್ಟರೆ ಸಾಕು, ‘ಎಲ್ಲಿಗೆ ಹೊರಟ್ರಿ?’ ಅನ್ನುವ ಪ್ರಶ್ನೆ. ಹೊರಡುವಾಗ ಹಾಗೆ ಕೇಳಬಾರದು ಅಂತ ನಮ್ಮಜ್ಜಿ ಬೈಯುತ್ತಿದ್ದಳು. ಇಲ್ಲಿ ಕೇಳದಿದ್ದರೇ ತಪ್ಪು. ಉತ್ತರ ಯಾರಿಗೂ ಬೇಕಿಲ್ಲ, ‘ಅಲ್ಲೇ, ಮುಂದೆ’ ಅಂದರೆ ಆಯಿತು. ನನ್ನ ಹೆಸರು ಅವರ ಬಾಯಲ್ಲಿ ತಿರುಗದೆ ನಾನು ‘ಮಾಸ್ ಇಂಡಿಯಾ’ ಆದೆ. ಮಾಸ್ ಅಂದರೆ ಅಣ್ಣ. ‘ಕುಛ್ ಕುಛ್ ಹೋತಾ ಹೈ’ ಸಿನಿಮಾ ನೋಡದವರು ಆ ಗಲ್ಲಿಯಲ್ಲಿ ಯಾರೂ ಇರಲಿಲ್ಲ. ನನಗೆ ಆ ಹಾಡು ಪೂರ್ತಿ ಬರುವುದಿಲ್ಲ ಅಂತ ಗೊತ್ತಾದಾಗ ಅವರಿಗಾದ ಬೇಜಾರು ಅಷ್ಟಿಷ್ಟಲ್ಲ.

ಪಾಕ್ ಎರ್‌ತೇ ಮತ್ತು ಅವರ ಸರ್ಕಾರ

ಎರಡನೇ ದಿನ ಸಂಜೆ ಲುಂಗಿ, ಟೋಪಿಯಲ್ಲಿ ಒಬ್ಬರು ಬಂದರು. ನಿವೃತ್ತ ಶಾಲಾ ಮೇಷ್ಟ್ರು. ಅವರೇ ‘ಪಾಕ್ ಎರ್‌ತೇ’. ಪಾಕ್ ಅಂದರೆ ಯಜಮಾನರು ಅಥವಾ ಅಪ್ಪ. ಎರ್‌ತೇ ಅಂದರೆ ಅಕ್ಕಪಕ್ಕದವರ ಘಟಕ, ಸಾಮಾನ್ಯವಾಗಿ ಮೂವತ್ತು, ಐವತ್ತು ಮನೆಗಳದ್ದು. ಅಂಥ ಕೆಲವು ಸೇರಿದರೆ ‘ಎರ್‌ವೇ’. ಅದರ ಮೇಲೆ ಸರ್ಕಾರದ ವಾರ್ಡ್ ಕಚೇರಿ. ಎರ್‌ತೇ ಮುಖ್ಯಸ್ಥರನ್ನು ಗಲ್ಲಿಯವರೇ ಆರಿಸುತ್ತಾರೆ. ಸಂಬಳದ ನೌಕರಿಯಲ್ಲ. ಆದರೆ ಹುಟ್ಟು, ಸಾವು, ಮದುವೆ, ವಿಳಾಸ ಬದಲಾವಣೆ ಏನೇ ಇದ್ದರೂ ಕಾಗದ ಇವರ ಸಹಿಯಿಂದಲೇ ಶುರು.

ಅವರು ನನ್ನ ಪಾಸ್‌ಪೋರ್ಟಿನ ಜೆರಾಕ್ಸ್ ಇಸಕೊಂಡರು. ಮದುವೆಯಾಗಿದೆಯಾ, ಯಾಕಾಗಿಲ್ಲ, ಅಪ್ಪ ಇದ್ದಾರಾ, ಅಮ್ಮ ಯಾರ ಜೊತೆ ಇದ್ದಾರೆ ಎಲ್ಲ ಕೇಳಿದರು. ‘ಒಬ್ಬರೇ ಇದ್ದಾರೆ’ ಅಂದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಪಕ್ಕದ ಮನೆಯವರು ಹೇಗೆ?’ ಅಂತ ವಿಚಾರಿಸಿದರು. ಅದನ್ನು ನನಗೆ ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ.

ಆಮೇಲೆ ಗಲ್ಲಿಯ ನಿಯಮ ಹೇಳಿದರು. ಅವರ ಮಾತಿನಲ್ಲಿ ಅಲ್ಲಲ್ಲಿ ನನಗೆ ಗೊತ್ತಿರುವ ಪದಗಳೇ ಬರುತ್ತಿದ್ದವು. ನಿವಾಸಿಗಳೆಂದರೆ ‘ವರ್ಗ’. ಖಜಾಂಚಿ ‘ಬೆಂದಹಾರ’, ಅದು ನಮ್ಮ ಭಂಡಾರದ ನಂಟು. ಎಲ್ಲರೂ ಸೇರಿ ಚರಂಡಿ ತೊಳೆಯುವ ಭಾನುವಾರದ ಕೆಲಸ ‘ಕೆರ್ಜಾ ಬಕ್ತಿ’, ಅಂದರೆ ಕಾರ್ಯ, ಭಕ್ತಿ. ಹತ್ತು ಹತ್ತು ಮನೆಯ ಹೆಂಗಸರ ಗುಂಪು ‘ದಸ ವಿಸ್ಮ’. ಮಗುವಿನ ತೂಕ ನೋಡುವುದು, ವಯಸ್ಸಾದವರ ಬಿಪಿ ನೋಡುವ ದಿನಕ್ಕೆ ಜನ ಕರೆಯುವುದು, ತಿಂಗಳ ಚೀಟಿ ಎತ್ತುವುದು ಎಲ್ಲ ಈ ಗುಂಪುಗಳ ಕೈಯಲ್ಲಿ. ಚೀಟಿಗೆ ಅಲ್ಲಿ ‘ಅರಿಸಾನ್’ ಎನ್ನುತ್ತಾರೆ. ನಮ್ಮ ಹಾಗೆ ಹರಾಜು ಇಲ್ಲ, ಹೆಸರು ಬಂದವರಿಗೆ ಪೂರ್ತಿ ಹಣ.

ಕೊನೆಗೆ ಡಬ್ಬಿಯ ವಿಷಯ. ಪ್ರತಿ ರಾತ್ರಿ ಅದರಲ್ಲಿ 500 ರೂಪಿಯಾ ನಾಣ್ಯ ಒಂದು ಹಾಕಿಡಬೇಕು. ನಮ್ಮ ಲೆಕ್ಕದಲ್ಲಿ ಮೂರು ರೂಪಾಯಿಗೂ ಕಡಿಮೆ. ಹನ್ನೊಂದರ ಮೇಲೆ ಗಸ್ತಿನವರು ಬಂದು ಎತ್ತಿಕೊಂಡು ಹೋಗುತ್ತಾರೆ. ಹೆಸರು ‘ಜಿಂಪಿತಾನ್’. ಜಿಂಪಿತ್ ಅಂದರೆ ಚಿಟಿಕೆ. ಮೊದಲು ಚಿಟಿಕೆ ಅಕ್ಕಿ ಹಾಕುತ್ತಿದ್ದರಂತೆ, ಈಗ ನಾಣ್ಯ. ನಮ್ಮಜ್ಜಿ ದಿನಾ ಅನ್ನಕ್ಕೆ ಇಡುವ ಮೊದಲು ಮಠಕ್ಕೆ ಅಂತ ಒಂದು ಹಿಡಿ ಅಕ್ಕಿ ಮಡಕೆಗೆ ಹಾಕುತ್ತಿದ್ದದ್ದು ನೆನಪಾಯಿತು.

ಗಸ್ತು, ಅಂದರೆ ‘ರೊಂಡಾ’, ವಾರಕ್ಕೊಂದು ರಾತ್ರಿ ಪ್ರತಿ ಮನೆಯ ಗಂಡಸಿಗೆ. ನನ್ನದು ಗುರುವಾರ. ತಪ್ಪಿಸಿದರೆ ದಂಡ.

‘ಪಾಕ್, ದಂಡವನ್ನು ವರ್ಷದ್ದು ಒಟ್ಟಿಗೇ ಕೊಟ್ಟುಬಿಡಬಹುದಾ?’ ಅಂತ ಕೇಳಿದೆ.

ಅವರು ನಕ್ಕರು. ಹೌದು ಅಂತಲೂ ಹೇಳಲಿಲ್ಲ, ಇಲ್ಲ ಅಂತಲೂ ಹೇಳಲಿಲ್ಲ. ಜಾವಾದವರ ಆ ನಗುವಿನ ಅರ್ಥ ಇಲ್ಲ ಅಂತಲೇ ಎಂಬುದು ಆಮೇಲೆ ತಿಳಿಯಿತು.

ನಾನು ಬರೆದ ಆ್ಯಪ್

ಗುರುವಾರದ ಗುಂಪಿನಲ್ಲಿ ಆರು ಜನ. ಗಲ್ಲಿ ಮಧ್ಯದ ಗಸ್ತು ಕಟ್ಟೆಯಲ್ಲಿ ಸೇರುತ್ತಿದ್ದೆವು. ಒಂದು ಚಾಪೆ, ಹಳೆ ಟೀವಿ, ತೂಗುಹಾಕಿದ ಮರದ ‘ಕೆಂತೊಂಗಾನ್’. ಒಳಗೆ ಪೊಳ್ಳು, ಕೋಲಿನಿಂದ ಬಡಿದರೆ ಊರೆಲ್ಲ ಕೇಳಿಸುತ್ತದೆ. ಬೆಂಕಿಗೆ, ಕಳ್ಳತನಕ್ಕೆ, ಸಾವಿಗೆ ಬೇರೆ ಬೇರೆ ಬಡಿತ. ಕಾಫಿ, ಹುರಿದ ಶೇಂಗಾ, ಡಾಮಿನೊ ಆಟ. ಹನ್ನೊಂದಾದ ಮೇಲೆ ಇಬ್ಬರು ಟಾರ್ಚ್, ಪ್ಲಾಸ್ಟಿಕ್ ಜಾಡಿ, ನೋಟ್‌ಬುಕ್ ಹಿಡಿದು ಹೊರಡುತ್ತಾರೆ. ಡಬ್ಬಿಯೊಳಗೆ ಕೈ, ಜಾಡಿಯಲ್ಲಿ ‘ಟಣ್’, ಪುಸ್ತಕದಲ್ಲಿ ಒಂದು ಗುರುತು. ಮುಂದಿನ ಮನೆ.

ನಾನು ಎಂಜಿನಿಯರ್. ಮೊದಲ ಸುತ್ತಿನಲ್ಲೇ ಲೆಕ್ಕ ಹಾಕಿದೆ. 42 ಮನೆ, 500ರಂತೆ ರಾತ್ರಿಗೆ 21,000 ರೂಪಿಯಾ. ತಿಂಗಳಿಗೆ 6,30,000. ಅಂದರೆ ನಮ್ಮ ಮೂರು ಸಾವಿರ ಚಿಲ್ಲರೆ ರೂಪಾಯಿ. ಅದರಲ್ಲಿ ಬೀದಿದೀಪ, ಕಾಯಿಲೆಯವರನ್ನು ನೋಡಲು ಹೋಗುವ ಖರ್ಚು, ಸತ್ತವರ ಮನೆಗೆ ಶಾಮಿಯಾನ, ಕುರ್ಚಿ. ಇಷ್ಟು ದುಡ್ಡಿಗೆ ದಿನಾ ಆರು ಜನ ನಿದ್ದೆಗೆಡುವುದಾ? ಇದಕ್ಕಿಂತ ಅನ್ಯಾಯದ ಪ್ರೊಸೆಸ್ ನಾನು ಯಾವ ಕ್ಲೈಂಟ್ ಹತ್ತಿರವೂ ನೋಡಿರಲಿಲ್ಲ.

ಒಂದು ಶನಿವಾರ, ಭಾನುವಾರ ಕೂತು ಆ್ಯಪ್ ಬರೆದೆ. ನಮ್ಮ ಯುಪಿಐ ಥರ ಅಲ್ಲಿ ‘ಕ್ರಿಸ್’ ಅನ್ನುವ ಒಂದೇ ಕ್ಯೂಆರ್ ವ್ಯವಸ್ಥೆ ಇದೆ, ಅವರ ಕೇಂದ್ರ ಬ್ಯಾಂಕ್ 2019ರಲ್ಲಿ ಶುರುಮಾಡಿದ್ದು. ತಳ್ಳುಗಾಡಿಯವನ ಹತ್ತಿರವೂ ಇರುತ್ತದೆ. ತಿಂಗಳಿಗೊಮ್ಮೆ ಸ್ಕ್ಯಾನ್ ಮಾಡಿ 15,000 ಕಳಿಸಿದರೆ ಮುಗಿಯಿತು. ಯಾರು ಕೊಟ್ಟರು, ಯಾರು ಬಾಕಿ, ಎಲ್ಲ ಹಸಿರು ಕೆಂಪು ಬಣ್ಣದಲ್ಲಿ. ಎರ್‌ತೇ ಮೀಟಿಂಗಿನಲ್ಲಿ ಪ್ರೊಜೆಕ್ಟರ್ ಹಾಕಿ ತೋರಿಸಿದೆ. ಎಲ್ಲರೂ ‘ಬಾಗುಸ್, ಬಾಗುಸ್’ ಅಂದರು. ಚೆನ್ನಾಗಿದೆ ಅಂತ. ಚಪ್ಪಾಳೆಯೂ ಬಂತು. ನನಗೆ ಒಳಗೊಳಗೇ ಹೆಮ್ಮೆ.

ಮೂರು ವಾರವಾದರೂ ಆ್ಯಪ್‌ನಲ್ಲಿ ದುಡ್ಡು ಹಾಕಿದವನು ನಾನೊಬ್ಬನೇ. ಡಬ್ಬಿಗಳು ಎಂದಿನಂತೆ ‘ಟಣ್’ ಅನ್ನುತ್ತಿದ್ದವು. ಪಾಕ್ ಎರ್‌ತೇ ಹತ್ತಿರ ಹೋಗಿ ಕೇಳಿದರೆ, ‘ಅದೂ ಇರಲಿ ಮಾಸ್, ಇದೂ ಇರಲಿ’ ಅಂದರು. ನನ್ನ ಡಬ್ಬಿಯಲ್ಲಿ ಮಾತ್ರ ನಾಣ್ಯವಿರುತ್ತಿರಲಿಲ್ಲ. ತಿಂಗಳ ಹಣ ಆಗಲೇ ಕೊಟ್ಟಿದ್ದೆನಲ್ಲ! ಆದರೆ ನಾಲ್ಕೈದು ದಿನಕ್ಕೊಮ್ಮೆ ಯಾರಾದರೂ ಒಬ್ಬರು ಬಾಗಿಲು ತಟ್ಟಿ, ‘ಮಾಸ್ ಇಂಡಿಯಾ, ಹುಷಾರಿದ್ದೀರಾ?’ ಅಂತ ಕೇಳಿ ಹೋಗುತ್ತಿದ್ದರು. ಒಳ್ಳೆ ಜನ ಅಂದುಕೊಂಡೆ. ಅಷ್ಟೇ ಅಂದುಕೊಂಡೆ.

ಖಾಲಿ ಡಬ್ಬಿ

ನಮ್ಮೆದುರು ಮನೆಯಲ್ಲಿ ಒಬ್ಬ ಅಜ್ಜಿ. ಜಾವಾದವರು ಅಜ್ಜಿಗೆ ‘ಮ್ಬಾಹ್’ ಅಂತಾರೆ. ನನ್ನ ನಾಲಿಗೆಗೆ ಅದು ಸರಿಯಾಗಿ ಬರುತ್ತಿರಲಿಲ್ಲ, ಮನಸ್ಸಿನಲ್ಲಿ ಅಜ್ಜಿ ಅಂತಲೇ ಕರೆಯುತ್ತಿದ್ದೆ. ಎಪ್ಪತ್ತು ದಾಟಿದವರು. ಮಗ ಬಾತಾಮ್ ದ್ವೀಪದ ಫ್ಯಾಕ್ಟರಿಯಲ್ಲಿ. ಬೆಳಿಗ್ಗೆ ಬೇಯಿಸಿದ ಸೊಪ್ಪಿಗೆ ಖಾರದ ತೆಂಗಿನ ತುರಿ ಕಲಸಿ ಬಾಳೆಲೆಯಲ್ಲಿ ಕಟ್ಟಿ ಮಾರುತ್ತಿದ್ದರು. ನಮ್ಮ ಪಲ್ಯವೇ, ಹೆಸರು ‘ಗುದಾಂಗಾನ್’. ನಾನು ಮಾಂಸ ತಿನ್ನುವುದಿಲ್ಲ ಅಂತ ಗೊತ್ತಾದ ಮೇಲೆ ನನ್ನ ಪೊಟ್ಟಣಕ್ಕೆ ಮಾತ್ರ ಸೀಗಡಿ ಸೇರಿಸದ ಬೇರೆ ಖಾರ ಅರೆಯುತ್ತಿದ್ದರು. ಹೆಚ್ಚು ದುಡ್ಡು ಕೊಟ್ಟರೆ ತಗೊಳ್ಳುತ್ತಿರಲಿಲ್ಲ.

ಮಳೆಗಾಲದ ಒಂದು ಗುರುವಾರ. ನಾನು ಮತ್ತು ಗುಂಪಿನ ಹಿರಿಯರೊಬ್ಬರು, ನಿವೃತ್ತ ಬಸ್ ಡ್ರೈವರ್, ಜಾಡಿ ಹಿಡಿದು ಹೊರಟೆವು. ಅಜ್ಜಿ ಮನೆಯ ಡಬ್ಬಿಗೆ ಕೈ ಹಾಕಿದೆ. ಏನೂ ಇಲ್ಲ. ಪುಸ್ತಕದಲ್ಲಿ ಸೊನ್ನೆ ಬರೆದು ಮುಂದಿನ ಮನೆಗೆ ನಡೆದೆ.

‘ನಿಲ್ಲಿ ಮಾಸ್’ ಅಂದರು ಡ್ರೈವರ್. ಪುಸ್ತಕ ಇಸಕೊಂಡು ಟಾರ್ಚ್ ಬಿಟ್ಟು ಹಿಂದಿನ ಪುಟ ತಿರುಗಿಸಿದರು. ಬುಧವಾರವೂ ಸೊನ್ನೆ. ಮಳೆ ಜೋರಿತ್ತು, ಅಜ್ಜಿ ಬೇಗ ಮಲಗಿರಬೇಕು ಅಂತ ಆ ದಿನದವರು ಬಿಟ್ಟಿದ್ದರು. ಎರಡು ರಾತ್ರಿ ಸೊನ್ನೆ ಬಂದರೆ ಬಾಗಿಲು ತಟ್ಟಬೇಕು. ಇದು ಎಲ್ಲೂ ಬರೆದಿಟ್ಟ ನಿಯಮವಲ್ಲ, ಎಲ್ಲರಿಗೂ ಗೊತ್ತು. ನನಗೊಬ್ಬನಿಗೇ ಗೊತ್ತಿರಲಿಲ್ಲ.

ಬಾಗಿಲು ತಟ್ಟಿದೆವು. ಅಡುಗೆಮನೆಯಲ್ಲಿ ದೀಪ ಉರಿಯುತ್ತಿತ್ತು, ಉತ್ತರವಿಲ್ಲ. ಗಂಡಸರು ಒಳಗೆ ನುಗ್ಗಲಿಲ್ಲ. ಪಾಕ್ ಎರ್‌ತೇ ಹೆಂಡತಿಯನ್ನು ಎಬ್ಬಿಸಿ ಕರೆತಂದರು, ಅವರು ಹಿತ್ತಿಲ ಬಾಗಿಲಿನಿಂದ ಹೋದರು. ಅಜ್ಜಿ ಬಚ್ಚಲಲ್ಲಿ ಬಿದ್ದಿದ್ದರು. ಎರಡು ದಿನದಿಂದ ಜ್ವರ, ಆ ಸಂಜೆ ಕಾಲು ಜಾರಿದೆ. ಸೊಂಟದ ಮೂಳೆ ಮುರಿದಿತ್ತು. ಬಿದ್ದು ಐದಾರು ಗಂಟೆಯಾಗಿತ್ತು. ಕೂಗಿದ್ದಾರೆ, ಮಳೆಯ ಸದ್ದಿನಲ್ಲಿ ಯಾರಿಗೂ ಕೇಳಿಲ್ಲ.

ಮುಂದಿನ ಅರ್ಧ ಗಂಟೆ ನಡೆದದ್ದನ್ನು ನಾನು ಗೋಡೆಗೆ ಒರಗಿ ನೋಡಿದೆ. ಯಾರೂ ಕಿರುಚಲಿಲ್ಲ, ಯಾರೂ ಆರ್ಡರ್ ಮಾಡಲಿಲ್ಲ. ಎರಡು ಸಾರೋಂಗ್ ಜೋಡಿಸಿ, ಬಿದಿರು ತೂರಿಸಿ ಸ್ಟ್ರೆಚರ್ ಮಾಡಿದರು. ಚರ್ಚಿನ ಕುಟುಂಬದವರು ಕಾರು ತೆಗೆದರು. ಅಡ್ಡಗೇಟು ತೆರೆಯಲು ಹುಡುಗನೊಬ್ಬ ಆಗಲೇ ಓಡಿದ್ದ. ಪಾಕ್ ಎರ್‌ತೇ ಹೆಂಡತಿ ಕಪಾಟಿನ ಎರಡನೇ ಖಾನೆಯಿಂದ ಅಜ್ಜಿಯ ಸರ್ಕಾರಿ ಆರೋಗ್ಯ ವಿಮೆಯ ಕಾರ್ಡು ತೆಗೆದುಕೊಂಡರು. ಅದು ಅಲ್ಲಿದೆ ಅಂತ ಅವರಿಗೆ ಗೊತ್ತಿತ್ತು. ಹನ್ನೆರಡಕ್ಕೆ ಮುಂಚೆ ಕಾರು ಆಸ್ಪತ್ರೆ ಮುಟ್ಟಿತು. ಬೆಳಿಗ್ಗೆ ನೋಡಿದರೆ ವಾರುಂಗ್‌ನ ಗೋಡೆಗೆ ಒಂದು ಹಾಳೆ: ಆಸ್ಪತ್ರೆಗೆ ಯಾವ ದಿನ ಯಾವ ಮನೆಯ ಊಟ. ಮಗ ಬಂದು ತಲುಪುವ ಹೊತ್ತಿಗೆ ಆಪರೇಷನ್ನಿಗೆ ಸಹಿ ಹಾಕುವುದೊಂದೇ ಬಾಕಿ ಇತ್ತು.

ಸರ್ವರ್‌ಗಳ ಲೋಕದಲ್ಲಿ ‘ಹಾರ್ಟ್‌ಬೀಟ್’ ಅಂತ ಒಂದಿದೆ. ಪ್ರತಿ ಮಷೀನು ಕೆಲವು ಸೆಕೆಂಡಿಗೊಮ್ಮೆ ‘ನಾನಿದ್ದೀನಿ’ ಅಂತ ಒಂದು ಸಣ್ಣ ಸಂದೇಶ ಕಳಿಸುತ್ತದೆ. ಅದರೊಳಗೆ ಬೇರೇನೂ ಇರುವುದಿಲ್ಲ. ಬರದೇ ಹೋದಾಗ ಮಾತ್ರ ಅದಕ್ಕೆ ಅರ್ಥ. ಎಂಟು ವರ್ಷ ಇದನ್ನೇ ಬರೆದು ಹೊಟ್ಟೆ ಹೊರೆದವನು ನಾನು. ಗೋಡೆ ಮೇಲಿನ 42 ಹಾರ್ಟ್‌ಬೀಟ್‌ಗಳನ್ನು ಬರಿ ದುಡ್ಡು ವಸೂಲಿ ಅಂದುಕೊಂಡು, ತಿಂಗಳಿಗೊಂದು ಟ್ರಾನ್ಸ್‌ಫರ್‌ಗೆ ಇಳಿಸಲು ಹೊರಟಿದ್ದೆ! ನನ್ನ ಬಾಗಿಲನ್ನು ಅಷ್ಟು ಸಲ ಯಾಕೆ ತಟ್ಟುತ್ತಿದ್ದರು ಅಂತ ಆಗ ಗೊತ್ತಾಯಿತು.

304ರ ಅಂಕಲ್

ಆ ರಾತ್ರಿ ನಿದ್ದೆ ಬರಲಿಲ್ಲ. ಕಾರಣ ಅಜ್ಜಿಯೊಬ್ಬರೇ ಅಲ್ಲ.

ಜಾವಾಕ್ಕೆ ಹೋಗುವ ಹಿಂದಿನ ವರ್ಷ ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಪಕ್ಕದ 304ರ ಅಂಕಲ್ ತೀರಿಕೊಂಡರು. ಒಬ್ಬರೇ ಇದ್ದರು. ಮಗಳು ಹೊರದೇಶದಲ್ಲಿ. ಲಿಫ್ಟಿನಲ್ಲಿ ಸಿಕ್ಕರೆ ‘ಊಟ ಆಯ್ತಾ?’ ಅಂತ ಕೇಳುತ್ತಿದ್ದವರು. ಬಾಗಿಲಿಗೆ ತೂಗುಹಾಕಿದ ಅವರ ಹಾಲಿನ ಚೀಲದಲ್ಲಿ ಎರಡು ದಿನದ ಪ್ಯಾಕೆಟ್ ಇದ್ದದ್ದನ್ನು ನಾನು ನೋಡಿದ್ದೆ. ಊರಿಗೆ ಹೋಗಿರಬೇಕು ಅಂದುಕೊಂಡು ಲಿಫ್ಟ್ ಬಟನ್ ಒತ್ತಿದ್ದೆ. ಮೂರನೇ ದಿನ ಮಗಳು ಫೋನ್ ಮಾಡಿ ಸೆಕ್ಯೂರಿಟಿಯವರಿಂದ ಬಾಗಿಲು ತೆಗೆಸಿದರು. ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಎಂಬತ್ತು ಚಿಲ್ಲರೆ ಕೈಮುಗಿದ ಚಿತ್ರ ಬಂದವು, ನನ್ನದೂ ಒಂದು. ಅದರ ಕೆಳಗೇ ‘ಇವತ್ತು ಟ್ಯಾಂಕರ್ ಬರುತ್ತಾ?’

ನಮ್ಮಲ್ಲಿ ಸಿಸಿಟಿವಿ ಇತ್ತು, ಗೇಟಿನ ಆ್ಯಪ್ ಇತ್ತು, ತಿಂಗಳಿಗೆ ಆರು ಸಾವಿರ ಮೇಂಟೆನೆನ್ಸ್ ಇತ್ತು. ಎರಡು ಪ್ಯಾಕೆಟ್ ಹಾಲೂ ನನ್ನ ಕಣ್ಣೆದುರೇ ಇತ್ತು. ಬೆಂಗಳೂರಿನಲ್ಲಿ ಹಾಲು, ಸಾಲಾತಿಗಾದಲ್ಲಿ ಸೊನ್ನೆ. ಎರಡೂ ಸಲ ನಾನು ನೋಡಿ ಮುಂದೆ ನಡೆದವನೇ. ಎರಡನೇ ಸಲ ಪಕ್ಕದಲ್ಲಿ ಒಬ್ಬ ಬಸ್ ಡ್ರೈವರ್ ಇದ್ದರು, ಅಷ್ಟೇ ವ್ಯತ್ಯಾಸ.

ಇನ್ನೊಂದು ಮುಖವೂ ಇದೆ

ಇಷ್ಟು ಓದಿ ‘ಆಹಾ, ಎಂಥಾ ಜನ!’ ಅಂತ ಅನ್ನಿಸಿದರೆ ಸ್ವಲ್ಪ ತಡೆಯಿರಿ. ಒಂದು ಶನಿವಾರ ಸೆಮಾರಾಂಗ್‌ನಿಂದ ಇಬ್ಬರು ಸಹೋದ್ಯೋಗಿಗಳು ಬಂದು ರಾತ್ರಿ ಉಳಿದರು, ಅವರಲ್ಲೊಬ್ಬಳು ಹುಡುಗಿ. ಬೆಳಿಗ್ಗೆ ಏಳರೊಳಗೆ ಗಲ್ಲಿಗೆಲ್ಲ ಗೊತ್ತಾಗಿತ್ತು. ಎಂಟಕ್ಕೆ ಪಾಕ್ ಎರ್‌ತೇ ನಗುತ್ತಲೇ ಬಂದು, ಗೇಟಿನ ಬೋರ್ಡ್ ನೆನಪಿಸಿ, ಇಬ್ಬರ ಹೆಸರೂ ಬರೆದುಕೊಂಡು ಹೋದರು. ನನಗೆ ಮೈಯೆಲ್ಲ ಉರಿದಿತ್ತು. ಪಕ್ಕದ ಪಿಜಿಯ ವಿದ್ಯಾರ್ಥಿನಿಯೊಬ್ಬಳು ತಡವಾಗಿ ಬಂದರೆ ಮರುದಿನ ವಾರುಂಗ್‌ನಲ್ಲಿ ಅದೇ ಮಾತು.

ಇದು ಆಕಸ್ಮಿಕವಲ್ಲ. ಜಾವಾದಲ್ಲಿ ಮನೆಮನೆ ಸೇರಿಸಿ ಇಂಥ ಘಟಕ ಕಟ್ಟಿದ್ದು 1944ರಲ್ಲಿ, ಎರಡನೇ ಮಹಾಯುದ್ಧದ ಕಾಲದಲ್ಲಿ ದ್ವೀಪವನ್ನು ಆಳುತ್ತಿದ್ದ ಜಪಾನಿ ಸೇನೆ. ‘ತೊನಾರಿಗುಮಿ’ ಅಂತ ಹೆಸರು. ಉದ್ದೇಶ ಅಜ್ಜಿಯನ್ನು ಎತ್ತುವುದಲ್ಲ, ಜನರ ಮೇಲೆ ಕಣ್ಣಿಡುವುದು, ಅಕ್ಕಿ ಮತ್ತು ಆಳು ಒದಗಿಸಿಕೊಳ್ಳುವುದು. ಮುಂದೆ ಸುಹಾರ್ತೊ ಆಡಳಿತದ ಮೂವತ್ತು ಚಿಲ್ಲರೆ ವರ್ಷ ಅದೇ ಚೌಕಟ್ಟು ಸರ್ಕಾರದ ಕಿವಿಯಾಗಿಯೂ ಕೆಲಸ ಮಾಡಿತು. ಜಾವಾದ ಜನ ಅದರೊಳಗೆ ತಮ್ಮ ಹಳೆಯ ಕೂಡಿ ದುಡಿಯುವ ಪದ್ಧತಿ ‘ಗೊತೊಂಗ್ ರೊಯೊಂಗ್’ ತುಂಬಿ ತಮ್ಮದಾಗಿಸಿಕೊಂಡರು. ಆದರೆ ಕಾಯುವ ಕಣ್ಣು, ಕಾವಲಿನ ಕಣ್ಣು ಎರಡೂ ಒಂದೇ ಮುಖದಲ್ಲಿವೆ.

ಖರ್ಚಿನ ಲೆಕ್ಕವೂ ಸಮವಲ್ಲ. ಗಂಡಸರ ಗಸ್ತಿಗೆ ಪುಸ್ತಕ ಇದೆ, ಹೆಂಗಸರು ಆಸ್ಪತ್ರೆಗೆ ಹೊತ್ತ ಊಟಕ್ಕೆ ಯಾವ ಪುಸ್ತಕವೂ ಇಲ್ಲ. ನೈಟ್ ಶಿಫ್ಟ್ ಮಾಡುವ ಹುಡುಗ ಪ್ರತಿ ತಿಂಗಳು ದಂಡ ಕಟ್ಟುತ್ತಾನೆ. ಪಿಜಿ ಮಾಡಲು ಮಾರಿದ ಮನೆಗಳ ಗೋಡೆಯಲ್ಲಿ ಮೊಳೆ ಮಾತ್ರ ಉಳಿದಿದೆ, ಡಬ್ಬಿ ಇಲ್ಲ. ‘ನಮ್ಮ ಮಕ್ಕಳು ಗೇಟ್ ಹಾಕಿದ ಲೇಔಟ್‌ನಲ್ಲಿ ಮನೆ ನೋಡ್ತಿದ್ದಾರೆ’ ಅಂತ ಡ್ರೈವರ್ ಒಮ್ಮೆ ಹೇಳಿದರು. ದೂರಿನ ದನಿ ಇರಲಿಲ್ಲ. ಅವರ ಮಗನಿಗೂ ಭಾನುವಾರ ಮಲಗಬೇಕು ತಾನೆ?

ಬಾಕಿ ಚುಕ್ತಾ

ಅಜ್ಜಿ ಮೂರು ವಾರದ ಮೇಲೆ ವಾಕರ್ ಹಿಡಿದು ಮನೆಗೆ ಬಂದರು. ಆ ರಾತ್ರಿ ಡಬ್ಬಿಯಲ್ಲಿ ಕೈ ಹಾಕಿದವರಿಗೆ ಸಿಕ್ಕಿದ್ದು ಒಂದು ಹಿಡಿ ನಾಣ್ಯ. ಆಸ್ಪತ್ರೆಯಲ್ಲಿದ್ದ ಅಷ್ಟೂ ರಾತ್ರಿಯದ್ದು ಲೆಕ್ಕ ಹಾಕಿ ತುಂಬಿದ್ದರು. ಬೇಡ ಅಂದರೆ ಕೇಳಲಿಲ್ಲವಂತೆ. ಮರುದಿನದಿಂದ ನಾನೂ ನನ್ನ ಡಬ್ಬಿಗೆ ನಾಣ್ಯ ಹಾಕತೊಡಗಿದೆ. ಆ್ಯಪ್ ಈಗಲೂ ಇದೆ, ಖಜಾಂಚಿ ಅದರಲ್ಲಿ ಲೆಕ್ಕ ಬರೆಯುತ್ತಾರೆ. ದುಡ್ಡು ಕಟ್ಟುವ ಬಟನ್ ನಾನೇ ತೆಗೆದೆ. ಬದಲಿಗೆ ಎರಡು ರಾತ್ರಿ ಸೊನ್ನೆ ಬಿದ್ದರೆ ಗಸ್ತಿನವರ ಫೋನಿಗೆ ಒಂದು ಬೆಲ್ ಹೋಗುತ್ತದೆ. ಆ ಬಟನ್‌ಗೆ ಯಾರೂ ಚಪ್ಪಾಳೆ ತಟ್ಟಲಿಲ್ಲ, ಎಲ್ಲರೂ ಬಳಸುತ್ತಿದ್ದಾರೆ.

ಹೊರಡುವ ಹಿಂದಿನ ದಿನ ಪ್ರತಿ ಮನೆಗೂ ಹೋಗಿ ಹೇಳಿ ಬರಬೇಕು, ಅದೂ ಅಲ್ಲಿಯ ರೂಢಿ. ಪಾಕ್ ಎರ್‌ತೇ ಕೈ ಹಿಡಿದು, ‘ಅಮ್ಮನ ಪಕ್ಕದ ಮನೆಯವರಿಗೆ ನಮ್ಮ ನಮಸ್ಕಾರ ಹೇಳಿ’ ಅಂದರು. ಹತ್ತು ತಿಂಗಳ ಹಿಂದಿನ ಮಾತು ಮರೆತಿರಲಿಲ್ಲ.

ಊರಿಗೆ ಬಂದು ಅಮ್ಮನಿಗೆ ಡಬ್ಬಿಯ ಕಥೆ ಪೂರ್ತಿ ಹೇಳಿದೆ. ನಿಮಗೂ ಏನಾದರೂ ವ್ಯವಸ್ಥೆ ಮಾಡಬೇಕು, ಕೈಗೆ ಕಟ್ಟುವ ಸ್ಮಾರ್ಟ್ ವಾಚ್ ಬಂದಿದೆ ಅಂತ ಶುರುಮಾಡಿದೆ. ಅಮ್ಮ ಹುರುಳಿಕಾಯಿ ನಾರು ತೆಗೆಯುತ್ತಾ, ‘ಏನೂ ಬೇಡ ಕಣೋ. ಬೆಳಿಗ್ಗೆ ಏಳಾದ್ರೂ ನಮ್ಮ ಬಾಗಿಲಲ್ಲಿ ರಂಗೋಲಿ ಬಿದ್ದಿಲ್ಲ ಅಂದ್ರೆ ಎದುರುಮನೆಯವಳು ಬಂದು ಚಿಲಕ ಬಡೀತಾಳೆ. ಅವಳದ್ದು ಬಿದ್ದಿಲ್ಲ ಅಂದ್ರೆ ನಾನು ಹೋಗ್ತೀನಿ’ ಅಂದಳು.

‘ಯಾವಾಗಿಂದ?’

‘ನಿಮ್ಮಪ್ಪ ಹೋದಾಗಿಂದ.’

ಆರು ವರ್ಷ. ನನಗೆ ಗೊತ್ತೇ ಇರಲಿಲ್ಲ.

ಈಗ ಮತ್ತೆ ಬೆಂಗಳೂರಿನ ಅದೇ ಅಪಾರ್ಟ್‌ಮೆಂಟ್‌ನಲ್ಲಿದ್ದೇನೆ. 304ಕ್ಕೆ ಹೊಸದಾಗಿ ಒಬ್ಬ ಹುಡುಗ ಬಂದಿದ್ದಾನೆ. ನನ್ನ ಹಾಗೇ, ಲ್ಯಾಪ್‌ಟಾಪ್ ಬ್ಯಾಗು, ಕಿವಿಯಲ್ಲಿ ಇಯರ್‌ಫೋನು. ಮೊನ್ನೆ ಒಂಬತ್ತೂವರೆಯಾದರೂ ಅವನ ಹಾಲಿನ ಚೀಲ ಬಾಗಿಲಲ್ಲೇ ತೂಗುತ್ತಿತ್ತು. ಲಿಫ್ಟ್ ಬಂದಿತ್ತು, ಹೋಗಲು ಬಿಟ್ಟು ಬೆಲ್ ಒತ್ತಿದೆ. ಎರಡು ನಿಮಿಷವಾದ ಮೇಲೆ ಕಣ್ಣುಜ್ಜುತ್ತಾ ಬಾಗಿಲು ತೆಗೆದ.

‘ಏನ್ ಸಾರ್?’

‘ಏನಿಲ್ಲ. ಹಾಲು…’ ಅಂದೆ.

ಅವನು ಚೀಲ ನೋಡಿದ, ನನ್ನನ್ನು ನೋಡಿದ. ‘ರಾತ್ರಿ ಲೇಟಾಯ್ತು ಸಾರ್, ರಿಲೀಸ್ ಇತ್ತು’ ಅಂದ. ಬಾಗಿಲು ಹಾಕುವ ಮುಂಚೆ ಒಂದು ಕ್ಷಣ ನಿಂತು ಕೇಳಿದ, ‘ಒಳಗೆ ಬನ್ನಿ, ಕಾಫಿ ಕುಡೀತೀರಾ?’